ಬೆಳಕಿನ ದಾರಿಗೆ ಸದ್ದಿನ ಕಾವಲು

ನಿರ್ವಾತದಲ್ಲಿ ತೇಲಿಸಿ ಹಿಡಿದ ಒಂದೇ ಒಂದು ಅಯಾನಿನ ಮೇಲೆ ಲೇಸರ್ ಬೀಳಬೇಕು, ಅದೂ ಕೆಲವೇ ಮೈಕ್ರೊಸೆಕೆಂಡು. ಲೇಸರನ್ನೇ ಹಚ್ಚಿ ಆರಿಸಿದರೆ ಅದರ ಸ್ಥಿರತೆ ಕೆಡುತ್ತದೆ. ಅಡ್ಡ ಷಟರ್ ಇಟ್ಟರೆ ಅದು ತೆರೆದು ಮುಚ್ಚಲು ಮಿಲಿಸೆಕೆಂಡುಗಳೇ ಬೇಕು. ಹಾಗಾಗಿ ಕ್ವಾಂಟಂ ಪ್ರಯೋಗಶಾಲೆಗಳಲ್ಲಿ ಈ ಕೆಲಸವನ್ನು ಸದ್ದಿಗೆ ಒಪ್ಪಿಸಿದ್ದಾರೆ.

ಲೇಸರಿನ ದಾರಿಯಲ್ಲಿ ಟೆಲ್ಲುರಿಯಂ ಡೈಆಕ್ಸೈಡಿನ ಪುಟ್ಟ ಹರಳು ಇರುತ್ತದೆ. ಅದಕ್ಕೆ ಅಂಟಿದ, ವಿದ್ಯುತ್ತಿಗೆ ಕಂಪಿಸುವ ಪೀಜೋ ತುಣುಕಿಗೆ, 80 ಮೆಗಾಹರ್ಟ್ಸ್ ಎನ್ನಿ, ರೇಡಿಯೊ ಸಂಕೇತ ಕೊಟ್ಟರೆ ಹರಳಿನೊಳಗೆ ಶಬ್ದದ ಅಲೆ ಹಾಯುತ್ತದೆ. ಬೆಳಕು ಅದಕ್ಕೆ ತಾಗಿ ತುಸು ಪಕ್ಕಕ್ಕೆ ಹೊರಳುತ್ತದೆ. ಅದರ ಕಂಪನಾಂಕವೂ ಸರಿಯಾಗಿ 80 ಮೆಗಾಹರ್ಟ್ಸ್ ಸರಿಯುತ್ತದೆ. ಹೊರಳಿದ ಬೆಳಕನ್ನು ಮಾತ್ರ ಅಯಾನಿನತ್ತ ಬಿಡುತ್ತಾರೆ. ಸಂಕೇತ ನಿಂತರೆ ಬೆಳಕೂ ನಿಂತಿತು. ಶಬ್ದದ ಅಲೆಗೆ ಸಿಕ್ಕ ಬೆಳಕು ಹೇಗೆ ಚೆದುರುತ್ತದೆಂಬ ಸಿದ್ಧಾಂತವನ್ನು 1935ರ ಹೊತ್ತಿಗೆ ಬೆಂಗಳೂರಿನಲ್ಲೇ ಕಟ್ಟಿದವರು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಎಂಬುದು ನನಗೆ ಪ್ರತಿಸಲವೂ ಹೆಮ್ಮೆ ತರುತ್ತದೆ.

ಈಗ ಆ ಸಂಕೇತ ಹುಟ್ಟುವ ಜಾಗಕ್ಕೆ ಬರೋಣ. ಎಡಿ9910 ಎಂಬ ಚಿಪ್ಪಿನೊಳಗೆ ಅಂಕಿಗಳದೇ ಒಂದು ಗಡಿಯಾರವಿದೆ. ಅದರ ಸುತ್ತಿನಲ್ಲಿ 4,29,49,67,296 ಗೆರೆಗಳು. ಸೆಕೆಂಡಿಗೆ 100 ಕೋಟಿ ಸಲ ಮುಳ್ಳು ಒಂದೊಂದು ಹೆಜ್ಜೆ ಹಾರುತ್ತದೆ. ಪ್ರತಿ ಹೆಜ್ಜೆಗೂ 34,35,97,384 ಗೆರೆ ದಾಟು ಎಂದರೆ 80 ಮೆಗಾಹರ್ಟ್ಸ್ ಸಂಕೇತ ಹೊರಡುತ್ತದೆ. ಮುಳ್ಳು ಇರುವ ಜಾಗಕ್ಕೆ ತಕ್ಕ ಸೈನ್ ಬೆಲೆಯನ್ನು ಹಿಡಿದು ವೋಲ್ಟೇಜಾಗಿ ಹೊರಗೆ ಬಿಡುವುದಷ್ಟೇ ಉಳಿದ ಕೆಲಸ. ಹೆಜ್ಜೆಯನ್ನು ಒಂದೇ ಗೆರೆ ಹಿಗ್ಗಿಸಿದರೆ ಕಂಪನಾಂಕ ಬದಲಾಗುವುದು ಕಾಲು ಹರ್ಟ್ಸಿಗಿಂತ ಕಡಿಮೆ!

ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಹೆಜ್ಜೆಯ ಅಳತೆ ಬದಲಿಸಿದಾಗ ಮುಳ್ಳು ಸೊನ್ನೆಗೆ ಮರಳಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಯಬಹುದು. ಅಲೆ ಎಲ್ಲೂ ಕಡಿಯುವುದಿಲ್ಲ. ಬೇಕೆಂದರೆ ಮುಳ್ಳನ್ನು ಇಂಥದೇ ಗೆರೆಗೆ ಒಯ್ದು ನಿಲ್ಲಿಸಲೂಬಹುದು. ಆ ಅಯಾನೇ ಇಲ್ಲಿ ಕ್ಯೂಬಿಟ್, ಅಂದರೆ 0 ಮತ್ತು 1 ಎಂಬ ಸ್ಥಿತಿಗಳಿರುವ ಕ್ವಾಂಟಂ ಬಿಟ್; ಅದಕ್ಕೆ ಇದು ಜೀವಾಳ. ಮೊದಲ ಲೇಸರ್ ಪಲ್ಸ್ ಅದನ್ನು 0 ಮತ್ತು 1ರ ನಡುದಾರಿಗೆ ತಂದಿದೆ ಎನ್ನೋಣ. ಅಷ್ಟೇ ಅಳತೆಯ ಎರಡನೆಯ ಪಲ್ಸ್ ಅಲೆಯ ಲಯಕ್ಕೆ ಕೂಡಿ ಬಂದರೆ 1ಕ್ಕೆ ಮುಟ್ಟಿಸುತ್ತದೆ, ತದ್ವಿರುದ್ಧ ಬಂದರೆ 0ಗೆ ಹಿಂದಿರುಗಿಸುತ್ತದೆ.

ಯಾವ ಗಳಿಗೆಗೆ ಯಾವ ಹೆಜ್ಜೆ ಎಂಬ ಪಟ್ಟಿಯನ್ನು ಮೊದಲೇ ಬರೆದಿಡುತ್ತಾರೆ. ಅದನ್ನು ನ್ಯಾನೊಸೆಕೆಂಡ್ ಲೆಕ್ಕದಲ್ಲಿ ನಡೆಸುವುದು ಇದೊಂದೇ ಕೆಲಸಕ್ಕೆಂದು ಒಳಜೋಡಣೆ ಹೊಂದಿಸಿಕೊಂಡ ಎಫ್‌ಪಿಜಿಎ ಚಿಪ್. ಹತ್ತು ಕೆಲಸ ಹಚ್ಚಿಕೊಂಡ ಮಾಮೂಲಿ ಕಂಪ್ಯೂಟರನ್ನು ಇಷ್ಟು ಕರಾರುವಾಕ್ಕಾದ ವೇಳೆಗೆ ನೆಚ್ಚಲಾಗದು.

ಕಡೆಗೆ ಬೆಳಕನ್ನು ಬಿಟ್ಟು ತಡೆಯುವ ವೇಗಕ್ಕೆ ಮಿತಿ ಹಾಕುವುದು ಆ ಸದ್ದೇ. ಹರಳಿನಲ್ಲಿ ಅದು ಸೆಕೆಂಡಿಗೆ ಸುಮಾರು 4.2 ಕಿಲೋಮೀಟರ್ ಓಡುತ್ತದೆ. ಒಂದು ಮಿಲಿಮೀಟರ್ ಅಗಲದ ಲೇಸರ್ ಕಿರಣವನ್ನು ದಾಟಲು ಅದಕ್ಕೆ 240 ನ್ಯಾನೊಸೆಕೆಂಡ್ ಬೇಕು. ಕಿರಣವನ್ನು ಲೆನ್ಸಿನಿಂದ ಅದರ ಹತ್ತನೇ ಒಂದಕ್ಕೆ ಕಿರಿದಾಗಿಸಿ ಹರಳಿಗೆ ಬಿಟ್ಟರೆ, 24 ಸಾಕು.