ಸಂಗ್ಯಾ–ಬಾಳ್ಯಾರ ಸೀಮೆಯಲ್ಲಿ ಒಥೆಲೊ

ಬೈಲಹೊಂಗಲ ತಾಲ್ಲೂಕಿನ ದೊಡವಾಡದಂಥ ಊರಿಗೆ ಶೇಕ್ಸ್‌ಪಿಯರನ ದುರಂತ ನಾಟಕವೊಂದನ್ನು ಒಯ್ಯಬೇಕೆಂದರೆ ರಂಗತಂಡಗಳಿಗೆ ಮೊದಲು ಹತ್ತುವುದು ವೇಷದ ಚಿಂತೆ. ರಾಜನಿಗೆ ಕೋಟು ತೊಡಿಸೋಣವೇ, ದೂತನ ಕೈಗೆ ಮೊಬೈಲು ಕೊಡೋಣವೇ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಎದುರಿಗೆ ಕೂರುವವರು ಏನನ್ನು ನೋಡಿ ಪಳಗಿದವರು ಎಂದು ಕೇಳಿಕೊಳ್ಳುವವರು ಕಡಿಮೆ. ಬೈಲಹೊಂಗಲದಲ್ಲೇ ನಡೆದ ಕೊಲೆಯೊಂದರ ಕಥೆಯೆನ್ನುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಅಂದರೆ ಹಾಡು–ಮಾತಿನ ಜನಪದ ನಾಟಕ, ಈ ಸೀಮೆಯ ಸ್ವಂತ ಆಸ್ತಿ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮನಸ್ಸು ಹೋಗುತ್ತದೆ, ಪ್ರಾಣಸ್ನೇಹಿತ ಬಾಳ್ಯಾ ಜೊತೆಗಿರುತ್ತಾನೆ. ಕೊನೆಗೆ ಅದೇ ಬಾಳ್ಯಾ ಕೈಬಿಡುತ್ತಾನೆ, ಈರಣ್ಣ ಮತ್ತವನ ತಮ್ಮಂದಿರ ಕೈಯಲ್ಲಿ ಸಂಗ್ಯಾನ ಹೆಣ ಬೀಳುತ್ತದೆ. ಸಂಗ್ಯಾ ಸಾಯುತ್ತಾನೆಂಬುದು ಮುಂದಿನ ಸಾಲಿನ ಹುಡುಗನಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಏಳುವುದಿಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲ ಇಲ್ಲದೆಯೂ ಇವರನ್ನು ಕೂರಿಸುವ ಸಂಗತಿ ಯಾವುದೋ, ಒಥೆಲೊ, ಮ್ಯಾಕ್‌ಬೆತ್‌ಗಳನ್ನು ಹೊಸದಾಗಿ ಕಟ್ಟುವವರು ಹಿಡಿಯಬೇಕಾದದ್ದು ಅದನ್ನೇ.

ದುರಂತ ನಮ್ಮ ಜಾಯಮಾನಕ್ಕೆ ಒಗ್ಗದು ಎಂಬ ಮಾತು ಹಳೆಯದು, ಅದಕ್ಕೆ ಆಧಾರವೂ ಇಲ್ಲದಿಲ್ಲ. ರೋಮಿಯೋ–ಜೂಲಿಯೆಟ್ ಕಥೆಯನ್ನು 1889ರಲ್ಲಿ ‘ರಾಮವರ್ಮ ಲೀಲಾವತಿ’ಯಾಗಿಸಿದ ಆನಂದರಾಯರು ಸತ್ತ ಪ್ರೇಮಿಗಳನ್ನು ದೇವರಿಂದ ಬದುಕಿಸಿಬಿಟ್ಟರು. ಆದರೆ ಅದು ಸಂಸ್ಕೃತ ನಾಟಕದ ಮರ್ಯಾದೆ ಕಾಯ್ದವರ ಅಂಜಿಕೆ. ಸಣ್ಣಾಟದವರಿಗೆ ಆ ಹಂಗಿರಲಿಲ್ಲ. ಸಂಗ್ಯಾನನ್ನು ಎಬ್ಬಿಸಿ ಕೂರಿಸಲು ಯಾವ ದೇವರೂ ಬರುವುದಿಲ್ಲ. ಕಿತ್ತೂರು ಬಿದ್ದದ್ದನ್ನು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೆ ಹಾಕಿದ್ದನ್ನು ಲಾವಣಿ ಕಟ್ಟಿ ಹಾಡಿಕೊಂಡು ಬಂದ ಜನಕ್ಕೆ ನಂಬಿಸಿ ಕೆಡಿಸುವವನು ಯಾರೆಂದು ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಜಾನಪದ ರೂಪವನ್ನು ತಂದು ಹೊದಿಸಿದರೆ ಸಾಕೇ? ಸಾಲದು. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ ‘ಬರ್ನಂ ವನ’ವಾಗಿಸಿ ಯಕ್ಷಗಾನದ ಹೆಜ್ಜೆ–ಬಣ್ಣ ಕೊಟ್ಟರು. ಇಂಥ ಪ್ರಯೋಗಗಳ ಬಗ್ಗೆ ಏಳುವ ಆಕ್ಷೇಪಣೆ ಗೊತ್ತಿದ್ದದ್ದೇ: ಕಿರೀಟ, ಕುಣಿತಗಳ ಅಬ್ಬರದಲ್ಲಿ ಪಾತ್ರದ ಒಳತೋಟಿ ಮುಳುಗುತ್ತದೆ. ಆಕ್ಷೇಪಣೆಯಲ್ಲಿ ತಥ್ಯವಿದೆ, ಆದರೆ ಅದು ತಾಗುವುದು ರೂಪವನ್ನು ಒಡವೆಯಂತೆ ತೊಟ್ಟಾಗ. ಸ್ವಗತವನ್ನೇ ನೋಡಿ. ಒಬ್ಬನೇ ನಿಂತು ತನ್ನಷ್ಟಕ್ಕೆ ಮಾತಾಡುವ ಮನುಷ್ಯ ಇಂದಿನ ರಂಗದ ಮೇಲೆ ಪೆಚ್ಚಾಗಿ ಕಾಣುತ್ತಾನೆ. ಸಣ್ಣಾಟದಲ್ಲಿ ಪಾತ್ರಧಾರಿ ಹಾಡಿ ನಿಲ್ಲಿಸಿದ ಸಾಲಿನ ತುದಿಯನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಪೇಟಿ, ತಾಳಗಳ ನಡುವೆ ಆ ಸಾಲು ಮತ್ತೆ ಅವನ ಕಿವಿಗೇ ಬೀಳುತ್ತದೆ. ಕೊಲ್ಲಲು ಹೊರಟವನ ಮನದ ಮಾತು ಹೀಗೆ ನಾಲ್ಕು ಜನರ ಬಾಯಿಂದ ತಿರುಗಿ ಬಂದರೆ, ಕೇಳಿಸಿಕೊಂಡ ಊರೂ ಸುಮ್ಮನೆ ಕೂತ ಸಾಕ್ಷಿಯಾಗುತ್ತದೆ. ಮ್ಯಾಕ್‌ಬೆತ್‌ನ ಕಠಾರಿಯ ಸ್ವಗತಕ್ಕೆ ಇದಕ್ಕಿಂತ ಆಧುನಿಕ ಉಪಾಯ ಯಾವುದಿದೆ?

ಹೀಗೆ ಕಟ್ಟಿದರೆ ಶೇಕ್ಸ್‌ಪಿಯರನ ಕಾವ್ಯ ಹೋಯಿತಲ್ಲ ಎನ್ನುವವರಿಗೆ ಡಿ.ವಿ.ಜಿ.ಯವರ ಮ್ಯಾಕ್‌ಬೆತ್, ಮಾಸ್ತಿಯವರ ಲಿಯರ್ ಓದಲಿಕ್ಕಿವೆ. ರಂಗದ ಲೆಕ್ಕ ಬೇರೆ. ಕುವೆಂಪು ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು. ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನಿಂದ ‘ಮಾರನಾಯಕನ ದೃಷ್ಟಾಂತ’ ಕಟ್ಟಿದರು. ಅದನ್ನು ಹುಲುಗಪ್ಪ ಕಟ್ಟೀಮನಿಯವರು ಜೈಲುವಾಸಿಗಳಿಂದ ಆಡಿಸಿದರು. ಶಿಕ್ಷೆ ಅನುಭವಿಸುತ್ತಿರುವವರ ಬಾಯಲ್ಲಿ ರಕ್ತ ಮೆತ್ತಿದ ಕೈಯ ಮಾತು ಬಂದಾಗ ವೇಷ ಯಾವ ಕಾಲದ್ದು ಎಂದು ಯಾರು ಕೇಳುತ್ತಾರೆ?

ಇಷ್ಟಾದರೂ ಸಂಗ್ಯಾ–ಬಾಳ್ಯಾರ ಅಚ್ಚಿಗೆ ಒಥೆಲೊವನ್ನು ಸುಮ್ಮನೆ ಎರಕ ಹೊಯ್ಯಲಾಗದು. ಗಂಗಿ ಕಡೆಗೆ ಸಂಗ್ಯಾನಿಗೆ ಒಲಿಯುತ್ತಾಳೆ, ಒಥೆಲೊನ ಹೆಂಡತಿ ಡೆಸ್ಡಿಮೋನಾ ನಿರ್ದೋಷಿ. ಗಂಗಿಯ ನೆರಳನ್ನು ಅವಳ ಮೇಲೆ ಬೀಳಿಸಿದರೆ, ಒಥೆಲೊನ ಮನಸ್ಸಿನಲ್ಲಿ ಅನುಮಾನ ಬಿತ್ತುವ ಇಯಾಗೋ ಹೇಳಿದ್ದೇ ನಿಜವೆಂದು ಪ್ರೇಕ್ಷಕರು ತೀರ್ಮಾನಿಸಿಬಿಡುತ್ತಾರೆ. ಬಾಳ್ಯಾನೂ ಇಯಾಗೋ ಅಲ್ಲ. ಬಾಳ್ಯಾ ಕೈಬಿಡುವವನು, ಇಯಾಗೋ ಕೆಡಿಸುವುದರಲ್ಲೇ ಸುಖ ಕಾಣುವವನು. ಆ ಸುಖಕ್ಕೆ ಸಣ್ಣಾಟದಲ್ಲಿ ಸಿದ್ಧ ಮಟ್ಟು ಇಲ್ಲ. ನಿರ್ದೇಶಕ ಹೊಸದಾಗಿಯೇ ಕಟ್ಟಿಕೊಳ್ಳಬೇಕು.