ಹಡಗೇರಿ ಬಂದವರ ನೆನಪು: ದೇಗಾಂವದ ಗುಡಿಯಿಂದ ಖಾನಾಪುರದ ಕಾಡಿನವರೆಗೆ

ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದ ರಾಜಮನೆತನ ಕಡಲನ್ನೇ ನೆಚ್ಚಿ ಬೆಳೆದದ್ದೆಂಬುದು, ಹೊಲಗದ್ದೆಗಳ ನಡುವಿನ ಆ ಊರನ್ನು ನೋಡಿದವರಿಗೆ ತಟ್ಟನೆ ಹೊಳೆಯುವ ಸಂಗತಿಯಲ್ಲ. ಶಾಸನಗಳು ದೇಗಾಂವೆ ಎಂದು ಕರೆದ ಈ ಊರಿನಲ್ಲಿ ಗುಡಿಯನ್ನು ಕಟ್ಟಿಸಿದವಳು ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿದೇವನ ರಾಣಿ ಕಮಲಾದೇವಿ. ಕಟ್ಟಿದವನು ತಿಪ್ಪೋಜನೆಂಬ ಶಿಲ್ಪಿ. ಇಲ್ಲಿನ ಶಾಸನದ ಕಾಲ ಕ್ರಿ.ಶ. 1174. ಈ ಅರಸರ ರಾಜ್ಯಕ್ಕೆ ಎರಡು ಮೈಗಳಿದ್ದವು. ಘಟ್ಟದ ಕೆಳಗಿನ ಭಾಗ ಕೊಂಕಣ 900, ಮೇಲಿನ ಭಾಗ ಹಲಸಿಯನ್ನು ಕೇಂದ್ರವಾಗಿ ಉಳ್ಳ ಪಲಸಿಗೆ 12000. ನಾಡಿನ ಹೆಸರಿಗೆ ಹೀಗೆ ಸಂಖ್ಯೆಯನ್ನು ಸೇರಿಸಿ ಹೇಳುವುದು ಆ ಕಾಲದ ಆಡಳಿತದ ರೂಢಿ. ಧಾರವಾಡದ ಬಳಿಯ ನರೇಂದ್ರದ 1125ರ ಶಾಸನವು ಈ ವಂಶದ ಅರಸನೊಬ್ಬನು ಲಂಕೆಯವರೆಗೆ ಹಡಗುಗಳನ್ನೇ ಸಾಲಾಗಿ ನಿಲ್ಲಿಸಿ ಸೇತುವೆ ಮಾಡಿದನೆಂದು ಬಣ್ಣಿಸುತ್ತದೆ. ಅದು ಕವಿಯ ಉತ್ಪ್ರೇಕ್ಷೆಯೇ ಸರಿ. ಆದರೆ ಅರಸನನ್ನು ಹೊಗಳುವುದಕ್ಕೆ ಕುದುರೆ, ಆನೆಗಳನ್ನು ಬಿಟ್ಟು ಹಡಗನ್ನು ಆರಿಸಿಕೊಂಡ ಆ ಮನಸ್ಸು ಗಮನಿಸತಕ್ಕದ್ದು.

ಪರದೇಶದಿಂದ ಹಡಗಿನಲ್ಲಿ ಬಂದು ನೆಲೆಸಿದ ಕುಟುಂಬವೊಂದರ ನೆನಪು ಈ ಭಾಗದ ಲಿಖಿತ ದಾಖಲೆಯಲ್ಲಿ ಉಳಿದಿರುವುದೂ ಇದೇ ಅರಸರಿಂದ. ಒಂದನೆಯ ಜಯಕೇಶಿಯ ಕಾಲದ, 1053ರ ತಾಮ್ರಪಟವು (ತಾಮ್ರದ ಹಲಗೆಗಳ ಮೇಲೆ ಕೊರೆದ ದಾನಪತ್ರವು) ಹಿಂದಿನ ಘಟನೆಯೊಂದನ್ನು ಹೇಳುತ್ತದೆ. ಜಯಕೇಶಿಯ ಪೂರ್ವಜನಾದ ಗುಹಲ್ಲದೇವ ಸೋಮನಾಥನ ಯಾತ್ರೆಗೆಂದು ಸಮುದ್ರಮಾರ್ಗವಾಗಿ ಹೊರಟಾಗ ನಡುದಾರಿಯಲ್ಲಿ ಹಡಗಿನ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಮುರಿದುಹೋಯಿತು. ಅರಸ ಗೋವೆಯ ಬಂದರನ್ನು ಆಶ್ರಯಿಸಬೇಕಾಯಿತು. ಅಲ್ಲಿ ನೆರವಿಗೆ ಬಂದವನು ಮದುಮೋದನೆಂಬ ಸಿರಿವಂತ ಕಡಲ ವ್ಯಾಪಾರಿ. ಮುಹಮ್ಮದ್ ಎಂಬ ಹೆಸರೇ ಸ್ಥಳೀಯರ ನಾಲಗೆಯಲ್ಲಿ ಹೀಗಾಗಿದೆ. ಅವನನ್ನು ತಾಮ್ರಪಟವು ತಾಜಿ ಕುಲದವನೆನ್ನುತ್ತದೆ. ತಾಜಿ, ತಾಜಿಕ ಎಂಬವು ಅರಬರನ್ನು ಕುರಿತು ಆಗ ಬಳಕೆಯಲ್ಲಿದ್ದ ಪದಗಳು. ಅವನ ಮೊಮ್ಮಗ ಜಯಕೇಶಿಯ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾದನು. ಅವನು ಕಟ್ಟಿಸಿದ ಮಸೀದಿಯನ್ನು ದಾಖಲೆ ‘ಮಿಜಿಗಿತಿ’ ಎಂದು ಕರೆಯುತ್ತದೆ; ಅದರ ನಿರ್ವಹಣೆಗಾಗಿ ಬಂದರಿಗೆ ಬರುವ ನಾವೆಗಳಿಂದ ಸುಂಕವನ್ನೆತ್ತುವ ಹಕ್ಕನ್ನು ಅರಸ ಅವನಿಗೆ ಕೊಟ್ಟನು. ಅಜ್ಜ ಮಾಡಿದ ಉಪಕಾರ ಮೊಮ್ಮಗನ ಕಾಲದಲ್ಲಿಯೂ ಮರೆಯಾಗಿರಲಿಲ್ಲ, ಪರಭಾಷೆಯ ‘ಮಸ್ಜಿದ್’ ಪದಕ್ಕೆ ಈ ನೆಲದ ಉಚ್ಚಾರಣೆ ಆಗಲೇ ಹತ್ತಿತ್ತು, ಬಂದವರ ಮನೆತನ ಮೂರನೆಯ ತಲೆಮಾರಿಗೆ ಊರಿನ ಮನೆತನವಾಗಿತ್ತು ಎಂಬಿಷ್ಟನ್ನು ಒಂದೇ ದಾಖಲೆಯಿಂದ ತಿಳಿಯಬಹುದಾಗಿರುವುದು ನಿಜಕ್ಕೂ ಅಪರೂಪ. ಇಷ್ಟಾದರೂ ಅಲ್ಲಿ ಮಾತನಾಡುತ್ತಿರುವುದು ಅರಸನೇ. ಮದುಮೋದನ ಮನೆಯವರು ತಮ್ಮ ಪ್ರಯಾಣವನ್ನು ಮಕ್ಕಳಿಗೆ ಯಾವ ರೀತಿ ಹೇಳಿದರೆಂಬುದು ತಾಮ್ರದ ಮೇಲೆ ಏರಲಿಲ್ಲ.

ಮನೆಯವರೇ ಹೇಳಿಕೊಂಡು ಬಂದ ನೆನಪು ಬೇಕಾದರೆ ಕರಾವಳಿಯ ಭಟ್ಕಳಕ್ಕೆ ಹೋಗಬೇಕು. ಅಲ್ಲಿನ ನವಾಯತ ಮುಸ್ಲಿಮರಲ್ಲಿ, ಇರಾಕಿನ ಅಧಿಪತಿಯಾಗಿದ್ದ ಹಜ್ಜಾಜ್ ಬಿನ್ ಯೂಸುಫನ (ಮರಣ 714) ಹಿಂಸೆಯನ್ನು ತಾಳಲಾರದೆ ಪೂರ್ವಜರು ಹಡಗೇರಿ ಪಡುವಣ ತೀರಕ್ಕೆ ಬಂದರೆಂಬ ಐತಿಹ್ಯವಿದೆ. ನವಾಯತ ಎಂಬುದಕ್ಕೆ ‘ಹೊಸದಾಗಿ ಬಂದವರು’ ಎಂಬ ಅರ್ಥವನ್ನು ಹೇಳುವವರಿದ್ದಾರೆ, ನಾವೆಯೊಡನೆ ಅದನ್ನು ಜೋಡಿಸುವವರೂ ಇದ್ದಾರೆ. ಅವರ ಮನೆಮಾತಾದ ನವಾಯತಿಯು ಕೊಂಕಣಿಯ ಒಡಲಿನಲ್ಲಿ ಅರಬಿ, ಪಾರಸಿ ಪದಗಳನ್ನು ತುಂಬಿಕೊಂಡು ಅರಬಿ ಮೂಲದ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಅಲ್ಲಿ ಶಾಬಂದ್ರಿ ಎಂಬ ಅಡ್ಡಹೆಸರೊಂದುಂಟು. ಪಾರಸಿಯ ಶಾಹ್‌ಬಂದರ್ ಎಂದರೆ ಬಂದರಿನ ಮುಖ್ಯಾಧಿಕಾರಿ. ಹುದ್ದೆ ಹೋಗಿ ಎಷ್ಟೋ ಕಾಲವಾದರೂ ಶಾಲೆಯ ಹಾಜರಿ ಪುಸ್ತಕದಲ್ಲಿ, ಮದುವೆಯ ಕರೆಯೋಲೆಯಲ್ಲಿ ಬಂದರು ಉಳಿದುಕೊಂಡಿದೆ.

ದೇಗಾಂವವಿರುವ ಬೆಳಗಾವಿ ಜಿಲ್ಲೆಯಲ್ಲಿಯೇ ಇರುವ ಮತ್ತೊಂದು ಸಮುದಾಯದ ವಿಷಯ ಬೇರೆ, ಹೆಚ್ಚು ನೋವಿನದು ಕೂಡ. ಖಾನಾಪುರ ತಾಲ್ಲೂಕಿನಲ್ಲಿ, ಅದಕ್ಕೆ ಹೊಂದಿದ ಹಳಿಯಾಳ, ಯಲ್ಲಾಪುರ, ಕಲಘಟಗಿಯ ಕಡೆಗಳಲ್ಲಿ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ತಂದರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟವನ್ನೇರಿ ಕಾಡು ಸೇರಿದರು. ಬಯಸಿ ಬಂದವರ ಪಯಣಕ್ಕೂ ಬೇಡಿ ಹಾಕಿಸಿಕೊಂಡು ಬಂದವರ ಪಯಣಕ್ಕೂ ‘ವಲಸೆ’ ಎಂಬ ಒಂದೇ ಪದವನ್ನು ಬಳಸುವುದು ಅನ್ಯಾಯ. ಯಾವ ತೀರದಿಂದ, ಯಾವ ಹಡಗಿನಲ್ಲಿ, ಯಾವ ತಲೆಮಾರಿನಲ್ಲಿ ಬಂದೆವೆಂದು ಹೇಳಬಲ್ಲ ಮನೆಗಳು ಸಿದ್ದಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಂದವರು ಅವರ ಹೆಸರುಗಳನ್ನು ಬದಲಿಸಿದರು; ಆಫ್ರಿಕಾದ ಭಾಷೆಗಳು ಕಾಲಕ್ರಮದಲ್ಲಿ ಅಳಿದು, ಕನ್ನಡ, ಮರಾಠಿಗಳು ಬೆರೆತ ಕೊಂಕಣಿ ಮನೆಮಾತಾಯಿತು; ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಧರ್ಮಗಳಲ್ಲಿಯೂ ಅವರು ಹಂಚಿಹೋದರು.

ಮಾತಿನಲ್ಲಿ ಉಳಿಯದ್ದನ್ನು ಡಮಾಮಿಯೆಂಬ ಚರ್ಮವಾದ್ಯದ ಬಡಿತದಲ್ಲಿ, ಕುಣಿತದಲ್ಲಿ ಹುಡುಕುವವರಿದ್ದಾರೆ. ಸಿದ್ದಿ ಹೆಂಗಸರ ಕೈಕೆಲಸದಲ್ಲಿ ಕೂಡ ಹುಡುಕಬಹುದು. ಉತ್ತರ ಕರ್ನಾಟಕದ ಮನೆಮನೆಯ ಕೌದಿಯನ್ನೇ ಹೋಲುವ ಅವರ ಹೊದಿಕೆಗೆ ಕವಂದಿ ಎಂದು ಹೆಸರು. ಹಳೆಯ ಸೀರೆ, ಅಂಗಿ, ಮಕ್ಕಳ ಬಟ್ಟೆಗಳ ತುಂಡುಗಳನ್ನು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ನಡುವಿನವರೆಗೆ ಕೈಹೊಲಿಗೆಯಲ್ಲಿ ಕೂಡಿಸಿದ ಮೇಲೆ, ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಚಿ ಮಾಡಿದ ದಪ್ಪನೆಯ ‘ಫುಲ’ವನ್ನು, ಎಂದರೆ ಹೂವನ್ನು, ಹೊಲಿಯುತ್ತಾರೆ, ಅದಿಲ್ಲದ ಕವಂದಿಯನ್ನು ಮುಗಿದ ಕವಂದಿಯೆಂದು ಅವರು ಎಣಿಸುವುದಿಲ್ಲ. ಈ ಪದ್ಧತಿ ಕಡಲಾಚೆಯಿಂದ ಬಂದುದೋ ಇಲ್ಲಿಯೇ ಹುಟ್ಟಿದುದೋ ಎಂದು ತೀರ್ಪು ಕೊಡುವುದಕ್ಕಿಂತ, ಹೊಲಿಯುವಾಗ ಹಿರಿಯ ಹೆಂಗಸರು ಆಡುವ ಮಾತನ್ನು, ಹಾಡುವ ಹಾಡನ್ನು ಈಗಲೇ ಬರೆದಿಟ್ಟುಕೊಳ್ಳುವುದು ತುರ್ತಿನ ಕೆಲಸ.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ಕಾಡಿನಲ್ಲಿ, ಅದೇ ಬಂಧುಬಳಗದವರಾಗಿದ್ದರೂ ಜಿಲ್ಲೆಯ ಗಡಿಯ ಆಚೆಗಿದ್ದ ಕಾರಣಕ್ಕಾಗಿಯೇ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರ ತಿದ್ದುಪಡಿ ಕಾಯ್ದೆಯವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಈ ಸಮುದಾಯದಿಂದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರಾದದ್ದೂ ಅದೇ ವರ್ಷ. ಗೋವೆಯ ಬಂದರಿನಲ್ಲಿಳಿದ ಒಂದು ಅರಬ ಕುಟುಂಬಕ್ಕೆ ಮೂರನೆಯ ತಲೆಮಾರಿನಲ್ಲಿ ಸಿಕ್ಕಿದ ರಾಜಮುದ್ರೆ, ಅದೇ ಗೋವೆಯಲ್ಲಿ ಇಳಿಸಲ್ಪಟ್ಟವರ ಸಂತತಿಗೆ ಖಾನಾಪುರದ ಕಾಡಿನಲ್ಲಿ ಸಿಕ್ಕಿದ್ದು ಶತಮಾನಗಳು ಕಳೆದ ಮೇಲೆ.