ಇಸವಿಯ ಮೇಲಿನ ಕಾವಲು: ಪೋಲೆಂಡಿನ ಒಂದು ತಲೆಮಾರಿನ ಬಾಲ್ಯ ಮತ್ತು ಯೌವನ

1920ರ ದಶಕದಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು ಇಪ್ಪತ್ತು ತುಂಬುವುದರೊಳಗೆ ಎರಡು ಪರಾಧೀನತೆಗಳನ್ನು ಕಂಡರು. 1939ರ ಸೆಪ್ಟೆಂಬರ್ 1ರಂದು ಜರ್ಮನಿಯೂ, ಅದೇ ತಿಂಗಳ 17ರಂದು ಪೂರ್ವದಿಂದ ಸೋವಿಯತ್ ಒಕ್ಕೂಟವೂ ಆ ದೇಶದೊಳಕ್ಕೆ ನುಗ್ಗಿದವು. ಯುದ್ಧಾನಂತರ ಸೋವಿಯತ್ ಬೆಂಬಲದಿಂದ ನೆಲೆಗೊಂಡ ಕಮ್ಯುನಿಸ್ಟ್ ಆಡಳಿತ 1989ರವರೆಗೆ ಉಳಿಯಿತು. ಈ ಎರಡು ಆಳ್ವಿಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು. ಮೊದಲನೆಯದು ಒಂದು ಜನಾಂಗವನ್ನು ನಿರ್ನಾಮ ಮಾಡಲು, ಇನ್ನೊಂದನ್ನು ಕೂಲಿಗಳ ಗುಂಪಾಗಿಸಲು ಹೊರಟಿತ್ತು. ಎರಡನೆಯದು ಶಾಲೆ, ಪುಸ್ತಕ, ಉದ್ಯೋಗಗಳನ್ನು ಒದಗಿಸಿತು. ಆದರೆ ಬೆಳೆಯುವ ಮಕ್ಕಳ ಕಡೆಯಿಂದ ನೋಡಿದರೆ ಒಂದು ವಿಚಿತ್ರ ಪಲ್ಲಟ ಕಾಣುತ್ತದೆ. ಜರ್ಮನರ ಕಾಲದಲ್ಲಿ ಶಾಲೆಗೆ ಬೀಗ ಬಿದ್ದಿತ್ತು, ಸತ್ಯವನ್ನು ಮನೆಯಲ್ಲಿ ಕಲಿಸಲಾಗುತ್ತಿತ್ತು. ಅನಂತರ ಶಾಲೆ ತೆರೆಯಿತು, ಸತ್ಯವನ್ನು ಮನೆಯಲ್ಲೇ ಬಿಟ್ಟು ಬರಬೇಕಾಯಿತು.

1939ರ ನವೆಂಬರ್ 6ರಂದು ಕ್ರಾಕೋವ್ ನಗರದ ಯಾಗೆಲ್ಲೋನಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನು ಉಪನ್ಯಾಸದ ನೆಪದಲ್ಲಿ ಕರೆಸಿ ಬಂಧಿಸಲಾಯಿತು. ನೂರಕ್ಕೂ ಮಿಕ್ಕಿದ ವಿದ್ವಾಂಸರು ಸಾಕ್ಸನ್‌ಹೌಸೆನ್ ಸೆರೆಶಿಬಿರವನ್ನು ಸೇರಿದರು. 1940ರ ಮೇ ತಿಂಗಳಲ್ಲಿ ಹಿಮ್ಲರ್ ಬರೆದ ಟಿಪ್ಪಣಿ ಈ ನೀತಿಯ ಉದ್ದೇಶವನ್ನು ಮರೆಮಾಚದೆ ಹೇಳುತ್ತದೆ. ಪೂರ್ವದ ಜರ್ಮನೇತರ ಮಕ್ಕಳಿಗೆ ನಾಲ್ಕು ತರಗತಿಯ ಶಾಲೆ ಸಾಕು. ಐನೂರರವರೆಗಿನ ಸರಳ ಲೆಕ್ಕ, ತಮ್ಮ ಹೆಸರು ಬರೆಯುವಷ್ಟು ಅಕ್ಷರ, ಜರ್ಮನರಿಗೆ ವಿಧೇಯತೆ, ಇಷ್ಟನ್ನು ಕಲಿಸಬೇಕು. ಓದು ಅಗತ್ಯವಿಲ್ಲವೆಂಬುದು ಆತನ ಅಭಿಪ್ರಾಯ. ಪ್ರೌಢಶಾಲೆಗಳೂ ವಿಶ್ವವಿದ್ಯಾಲಯಗಳೂ ಮುಚ್ಚಿದವು. ಇತಿಹಾಸ, ಭೂಗೋಳಗಳು ಪಠ್ಯದಿಂದ ಮಾಯವಾದವು.

ಇದಕ್ಕೆ ಸಮಾಜ ಕೊಟ್ಟ ಉತ್ತರವೇ ಗುಪ್ತ ಶಿಕ್ಷಣ. 1939ರಲ್ಲಿಯೇ ಶಿಕ್ಷಕರು ಗುಪ್ತವಾಗಿ ಸಂಘಟಿತರಾದರು. ಬೆರಳೆಣಿಕೆಯ ವಿದ್ಯಾರ್ಥಿಗಳು ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಿದ್ದರು. ಅನುಮತಿಯಿದ್ದ ಕಸುಬಿನ ಶಾಲೆಗಳಲ್ಲಿಯೂ ಹೊಲಿಗೆ, ವ್ಯಾಪಾರಗಳ ಹೆಸರಿನಲ್ಲಿ ನಿಷಿದ್ಧ ವಿಷಯಗಳ ಪಾಠ ನಡೆಯುತ್ತಿತ್ತು. ಸಿಕ್ಕಿಬಿದ್ದರೆ ಸೆರೆಶಿಬಿರ ಅಥವಾ ಸಾವು. ಮುಂದೆ 1996ರಲ್ಲಿ ನೊಬೆಲ್ ಪಡೆದ ಕವಯಿತ್ರಿ ವಿಸ್ವಾವಾ ಶಿಂಬೋರ್ಸ್ಕಾ ಇಂತಹ ಗುಪ್ತ ತರಗತಿಗಳಲ್ಲಿ ಓದಿದವರು. ಜರ್ಮನಿಗೆ ಕೂಲಿಯಾಗಿ ಸಾಗಿಸಲ್ಪಡುವುದನ್ನು ತಪ್ಪಿಸಿಕೊಳ್ಳಲು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದವರು. ಇಂದು ಉಕ್ರೇನಿಗೆ ಸೇರಿರುವ ಲ್ವೋವ್ ನಗರದಲ್ಲಿ ಕವಿ ಜ್ಬಿಗ್ನ್ಯೂ ಹರ್ಬರ್ಟ್, ಟೈಫಸ್ ಜ್ವರದ ಲಸಿಕೆ ತಯಾರಿಸುತ್ತಿದ್ದ ರುಡಾಲ್ಫ್ ವೈಗಲ್ ಸಂಸ್ಥೆಯಲ್ಲಿ ಹೇನುಗಳಿಗೆ ತನ್ನ ರಕ್ತವನ್ನೇ ಉಣಿಸುವ ಕೆಲಸ ಮಾಡಿದರು. ಹೇನು ತುಂಬಿದ ಸಣ್ಣ ಪೆಟ್ಟಿಗೆಗಳನ್ನು ಕಾಲಿಗೆ ಕಟ್ಟಿಕೊಳ್ಳಬೇಕಾಗಿದ್ದ ಈ ಕೆಲಸದ ಗುರುತುಚೀಟಿ ಬೀದಿಯ ತಪಾಸಣೆಯಲ್ಲಿ ರಕ್ಷೆಯಾಗುತ್ತಿತ್ತು.

ಯಹೂದಿ ಮಕ್ಕಳಿಗೆ ಇಂತಹ ಯಾವ ರಕ್ಷೆಯೂ ಇರಲಿಲ್ಲ. 1940ರ ನವೆಂಬರಿನಲ್ಲಿ ಗೋಡೆ ಹಾಕಿ ಮುಚ್ಚಿದ ವಾರ್ಸಾದ ಘೆಟ್ಟೋದೊಳಗೆ ಅನಾಥಾಲಯ ನಡೆಸುತ್ತಿದ್ದ ಯಾನುಷ್ ಕೋರ್ಚಾಕ್, 1942ರ ಜುಲೈ 18ರಂದು ಮಕ್ಕಳಿಂದ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಆಡಿಸಿದರು. ಮನೆಯಿಂದ ಹೊರಬರಲಾಗದ ರೋಗಿ ಬಾಲಕನೊಬ್ಬ ರಾಜನ ಓಲೆಗಾಗಿ ಕಾಯುವ ಕಥೆ ಅದು. ಆಗಸ್ಟಿನ ಮೊದಲ ವಾರದಲ್ಲಿ ಆ ಮಕ್ಕಳನ್ನೂ ಕೋರ್ಚಾಕರನ್ನೂ ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಲ್ಲಲಾಯಿತು. ಈ ತಲೆಮಾರಿನ ಬಗ್ಗೆ ಬರೆಯುವಾಗ ಬದುಕುಳಿದವರ ಮಾತೇ ಹೆಚ್ಚು ಕೇಳಿಸುತ್ತದೆಂಬ ಎಚ್ಚರ ಅಗತ್ಯ.

ಪೂರ್ವಭಾಗದಲ್ಲಿ ಸೋವಿಯತ್ ಅಧಿಕಾರಿಗಳು 1940-41ರಲ್ಲಿ ಲಕ್ಷಾಂತರ ಪೋಲಿಷ್ ನಾಗರಿಕರನ್ನು ಸೈಬೀರಿಯಾ, ಕಝಾಕ್‌ಸ್ತಾನಗಳಿಗೆ ಗಡೀಪಾರು ಮಾಡಿದರು. ಅವರಲ್ಲಿ ಕೆಲವರು ಇರಾನ್ ಮಾರ್ಗವಾಗಿ ಭಾರತಕ್ಕೂ ಬಂದರು. ನವಾನಗರದ ಬಾಲಾಚಡಿಯಲ್ಲಿ ಮಕ್ಕಳ ಶಿಬಿರವಿತ್ತು, ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಕೆಲವು ಸಾವಿರ ಮಂದಿ 1943ರಿಂದ ಸುಮಾರು ಐದು ವರ್ಷ ನೆಲೆಸಿದ್ದರು.

ಅದೇ 1940ರ ಮಾರ್ಚ್ 5ರಂದು ಸೋವಿಯತ್ ಪಾಲಿಟ್‌ಬ್ಯೂರೋ ಕೈಗೊಂಡ ನಿರ್ಣಯದಂತೆ ಸುಮಾರು 22 ಸಾವಿರ ಪೋಲಿಷ್ ಸೇನಾಧಿಕಾರಿಗಳು, ಪೊಲೀಸರು ಮತ್ತಿತರ ಬಂದಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮೀಸಲು ಪಡೆಯಿಂದ ಬಂದ ವೈದ್ಯರು, ಅಧ್ಯಾಪಕರು, ವಕೀಲರೂ ಅವರಲ್ಲಿದ್ದರು. ಸ್ಮೊಲೆನ್ಸ್ಕ್ ಬಳಿಯ ಕತೀನ್ ಕಾಡಿನ ಸಮಾಧಿಗಳನ್ನು 1943ರ ಏಪ್ರಿಲ್‌ನಲ್ಲಿ ಜರ್ಮನರು ಪ್ರಕಟಿಸಿದರು. ಕೊಂದವರು ಜರ್ಮನರೇ ಎಂದು ಸೋವಿಯತ್ ಸರ್ಕಾರ ಸಾರಿತು.

ಯುದ್ಧಾನಂತರದ ಪೋಲೆಂಡಿನಲ್ಲಿ ಈ ಸಾವುಗಳ ಇಸವಿಯೇ ಒಂದು ಸಮಸ್ಯೆಯಾಯಿತು. ಜರ್ಮನ್ ಸೇನೆ ಸ್ಮೊಲೆನ್ಸ್ಕ್ ಪ್ರದೇಶವನ್ನು ತಲುಪಿದ್ದು 1941ರ ಜುಲೈನಲ್ಲಿ. ಆದ್ದರಿಂದ ‘1940’ ಎಂದು ಬರೆದರೆ ಕೊಲೆಗಾರ ಯಾರೆಂದು ಹೇಳಿದಂತೆಯೇ ಆಗುತ್ತಿತ್ತು. 1977ರಲ್ಲಿ ಸೆನ್ಸಾರ್ ನೌಕರನೊಬ್ಬ ಸ್ವೀಡನ್ನಿಗೆ ಸಾಗಿಸಿದ ಗುಪ್ತ ಸೂಚನೆಗಳಲ್ಲಿ, ಕತೀನಿನಲ್ಲಿ ಸತ್ತವರ ಮರಣದಿನಾಂಕ 1941ರ ಜುಲೈಗಿಂತ ಹಿಂದಿನದಾಗಿರಕೂಡದು ಎಂಬ ಸೂಚನೆಯೂ ಇತ್ತು. ವಾರ್ಸಾದ ಪೊವೊಂಜ್ಕಿ ಸ್ಮಶಾನದಲ್ಲಿ 1981ರ ಜುಲೈ 31ರಂದು ‘ಕತೀನ್ 1940’ ಎಂದಷ್ಟೇ ಕೆತ್ತಿದ ಸ್ಮಾರಕವನ್ನು ನಿಲ್ಲಿಸಿದಾಗ ಅದೇ ರಾತ್ರಿ ಅದನ್ನು ಕಿತ್ತೊಯ್ಯಲಾಯಿತು. ಒಂದು ಊರಿನ ಹೆಸರು ಮತ್ತು ನಾಲ್ಕು ಅಂಕಿಗಳಿಗೆ ಪ್ರಭುತ್ವವೊಂದು ಇಷ್ಟು ಹೆದರಿದ ಉದಾಹರಣೆ ವಿರಳ.

ಇಷ್ಟೆಲ್ಲ ಇದ್ದೂ ಯುವಜನರಲ್ಲಿ ಅನೇಕರು ಹೊಸ ವ್ಯವಸ್ಥೆಯನ್ನು ಮನಃಪೂರ್ವಕವಾಗಿ ನಂಬಿದರು. ಹಾಳು ಬಿದ್ದ ನಗರಗಳನ್ನು ಕಟ್ಟುವ ಉತ್ಸಾಹ, ಹಳ್ಳಿಯ ಮಕ್ಕಳಿಗೂ ವಿಶ್ವವಿದ್ಯಾಲಯದ ಬಾಗಿಲು ತೆರೆದ ಸಂಗತಿ ಸುಳ್ಳಾಗಿರಲಿಲ್ಲ. ಶಿಂಬೋರ್ಸ್ಕಾ ಅವರ 1952ರ ಮೊದಲ ಸಂಕಲನ ಈ ನಂಬಿಕೆಯ ಫಲ. ಅವರು 1966ರಲ್ಲಿ ಪಕ್ಷವನ್ನು ತೊರೆದರು, ಆ ಕಾಲದ ಕವಿತೆಗಳನ್ನು ಬದಿಗಿಟ್ಟರು. ಹರ್ಬರ್ಟರ ಮೊದಲ ಸಂಕಲನ ಬಂದದ್ದು ಸ್ಟಾಲಿನ್ ಸತ್ತು ಬಿಗಿ ಸಡಿಲಿದ ಮೇಲೆ, 1956ರಲ್ಲಿ. ಬರೆದವರನ್ನು ಹಳಿಯುವುದೂ ಸುಮ್ಮನಿದ್ದವರನ್ನು ಪೂಜಿಸುವುದೂ ಹೊರಗಿನವರಿಗೆ ಸುಲಭ.

ಮೂರನೆಯ ಹಾದಿಯೊಂದನ್ನು ಚಲನಚಿತ್ರ ನಿರ್ದೇಶಕ ಆಂಜೆಯ್ ವಾಯ್ದಾ ಅವರಲ್ಲಿ ಕಾಣಬಹುದು. 1926ರಲ್ಲಿ ಸುವಾಲ್ಕಿಯಲ್ಲಿ ಹುಟ್ಟಿದ ಅವರ ತಂದೆ ಯಾಕೂಬ್ ಕಾಲಾಳುಪಡೆಯ ಕ್ಯಾಪ್ಟನ್. ವಾಯ್ದಾ ಅವರ 1957ರ ‘ಕನಾಲ್’ ಚಿತ್ರ 1944ರ ವಾರ್ಸಾ ದಂಗೆಯಲ್ಲಿ ಒಳಚರಂಡಿಯ ಮೂಲಕ ಪಾರಾಗಲು ಹೆಣಗಿದ ಹೋರಾಟಗಾರರನ್ನು ಕುರಿತದ್ದು. ಸುರಂಗದ ಕೊನೆಯಲ್ಲಿ ಕಬ್ಬಿಣದ ಸರಳುಗಳು. ಅವುಗಳಾಚೆ ವಿಸ್ತುಲಾ ನದಿ, ಎದುರು ದಡ. ಆ ದಡದಲ್ಲಿ ಸೋವಿಯತ್ ಸೇನೆ ನಿಂತಿತ್ತೆಂದು ಚಿತ್ರದಲ್ಲಿ ಯಾರೂ ಹೇಳುವುದಿಲ್ಲ. ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಕಲಿತದ್ದನ್ನು ಹೊತ್ತು ಚಿತ್ರಮಂದಿರಕ್ಕೆ ಬಂದವರು ಅವರು.

ತಂದೆಯ ಬಗ್ಗೆ ಚಿತ್ರ ಮಾಡಲು ಮಾತ್ರ ಐವತ್ತು ವರ್ಷ ಹಿಡಿಯಿತು. 2007ರ ‘ಕತೀನ್’ ಚಿತ್ರದಲ್ಲಿ ಕಲಾಶಾಲೆಗೆ ಸೇರಬಂದ ತರುಣನೊಬ್ಬ ತನ್ನ ಪರಿಚಯಪತ್ರದಲ್ಲಿ ತಂದೆಯ ಸಾವಿನ ನಿಜವನ್ನು ಬರೆದಿರುತ್ತಾನೆ. ತಿದ್ದಿಕೊಡು ಎಂದು ಮುಖ್ಯಸ್ಥೆ ಬೇಡಿಕೊಂಡರೂ ಒಪ್ಪುವುದಿಲ್ಲ. ಇನ್ನೊಬ್ಬಾಕೆ ತನ್ನ ಕೂದಲನ್ನೇ ಮಾರಿ ಅಣ್ಣನ ಹೆಸರಿನಲ್ಲಿ ‘ಏಪ್ರಿಲ್ 1940’ ಎಂಬ ಸಮಾಧಿಫಲಕ ಮಾಡಿಸುತ್ತಾಳೆ, ಫಲಕ ಒಡೆಯಲ್ಪಡುತ್ತದೆ. 1943ರ ಪಟ್ಟಿಯಲ್ಲಿ ವಾಯ್ದಾ ಎಂಬ ಹೆಸರಿತ್ತು, ಆದರೆ ಅದರ ಜೊತೆಗಿದ್ದದ್ದು ಕರೋಲ್, ಯಾಕೂಬ್ ಅಲ್ಲ. ಆ ವ್ಯತ್ಯಾಸವನ್ನೇ ನಂಬಿ ನಿರ್ದೇಶಕರ ತಾಯಿ ಕೊನೆಯವರೆಗೂ ಗಂಡನ ದಾರಿ ಕಾದರು, 1950ರಲ್ಲಿ ತೀರಿಕೊಂಡರು. ಕೊಲೆ ತಮ್ಮದೇ ಕೃತ್ಯವೆಂದು ಸೋವಿಯತ್ ಸರ್ಕಾರ ಒಪ್ಪಿದ್ದು 1990ರ ಏಪ್ರಿಲ್ 13ರಂದು. ಕ್ಯಾಪ್ಟನ್ ಯಾಕೂಬ್ ವಾಯ್ದಾ ಸತ್ತದ್ದು ಕತೀನ್ ಕಾಡಿನಲ್ಲಲ್ಲ, ಖಾರ್ಕೀವಿನಲ್ಲಿ. ಇಸವಿ ಮಾತ್ರ 1940.